ಕಚೇರಿಗೆ ಊರು ಬಿಡುವ ಹುಕುಂ ಇರಲಿಲ್ಲ

ನಮ್ಮ ಓಣಿಯ ಇಬ್ಬರು ತರುಣರು ಈ ಸಲ ಕಂದಾಯ ಖಾತೆಗೆ ಸೇರುತ್ತಿದ್ದಾರೆ. ಮೊನ್ನೆ ನನ್ನ ಕಟ್ಟೆಗೆ ಬಂದು ಕುಳಿತು, "ಅಜ್ಜಾರ, ಬಡ್ತಿ ಲಗೂನ ಸಿಗಬೇಕಂದ್ರ ಏನ್ ಮಾಡಬೇಕ್ರಿ?" ಎಂದು ಕೇಳಿದರು. ಕೆಲಸ ಹೇಗಿರುತ್ತದೆ ಎಂದು ಒಬ್ಬನೂ ಕೇಳಲಿಲ್ಲ. ಬಡ್ತಿಯ ವಿಷಯದಲ್ಲಿ ನನಗೆ ತಿಳಿದದ್ದನ್ನು ಒಂದೇ ಮಾತಿನಲ್ಲಿ ಹೇಳಿದೆ: ಮೇಲಿನವರು ತಪ್ಪು ಮಾಡುವಾಗ ಗೋಡೆ ನೋಡುತ್ತ ನಿಲ್ಲುವುದನ್ನು ಕಲಿಯಿರಿ, ಉಳಿದದ್ದೆಲ್ಲ ತಾನಾಗಿ ಬರುತ್ತದೆ. ಇಬ್ಬರೂ ಬಹಳ ಶ್ರದ್ಧೆಯಿಂದ ತಲೆಯಾಡಿಸಿದರು. ನಾನು ಹಂಗಿಸುತ್ತಿದ್ದೇನೆ ಎಂಬುದೂ ಅವರಿಗೆ ತಿಳಿಯಲಿಲ್ಲ. ಅಂಥವರ ಕೈಗೆ ತಾಲೂಕುಗಳು ಹೋಗಲಿವೆ ಎಂಬ ಭಯದಿಂದಲೇ ಇದನ್ನು ಬರೆಯಲು ಕುಳಿತೆ.

ನಾನು ಬೈಲಹೊಂಗಲದವನು. ಕನ್ನಡ ಏಳನೆಯ ಇಯತ್ತೆಯ ಮುಲ್ಕಿ ಪರೀಕ್ಷೆ ಪಾಸಾಗಿ ಒಂದು ತಾಲೂಕು ಕಚೇರಿಯಲ್ಲಿ ಕಾರಕೂನನಾದೆ. ಯಾವ ಕಚೇರಿ ಎಂದು ಹೇಳುವುದಿಲ್ಲ. ನನ್ನ ಮೇಲಿದ್ದವರ ಮೊಮ್ಮಕ್ಕಳು ಈಗಲೂ ಅಲ್ಲಿ ಇಲ್ಲಿ ಖುರ್ಚಿ ಬಿಸಿ ಮಾಡುತ್ತಿದ್ದಾರೆ. ಅಜ್ಜಂದಿರ ಹೆಸರು ಬಂದರೆ ಅವರಿಗೆ ನೋವಾಗುತ್ತದೆ, ಅಜ್ಜಂದಿರ ರೀತಿ ಬಂದರೆ ಆಗುವುದಿಲ್ಲ. ಮಲಪ್ರಭೆಗೆ ಸಮೀಪವಾಗಿ, ಒಂದು ಸಂಸ್ಥಾನದ ಗಡಿಗೆ ಹತ್ತಿಕೊಂಡು ಇದ್ದ ತಾಲೂಕು ಎಂದರೆ ಸಾಕು.

ಕಚೇರಿಗೆ ಮಾಮಲೇದಾರ ಸಾಹೇಬರು, ಅಂದರೆ ಈಗಿನ ತಹಶೀಲ್ದಾರರು, ದೊರೆ. ಜರಿ ರುಮಾಲು, ಬಿಳಿ ಕುದುರೆ, ಮತ್ತು ಯಾವ ಕಾಗದವನ್ನಾದರೂ ಕೈಯಿಂದ ದಾಟಿಸಿ ಮೇಲಿನವರಿಗೆ ಕಳಿಸುವ ಅಪಾರ ಪ್ರತಿಭೆ ಇದ್ದವರು. ಅವರ ಕೆಳಗೆ ಅವ್ವಲ ಕಾರಕೂನರು, ಅಂದರೆ ಹಿರಿಯ ಗುಮಾಸ್ತರು, ಗುರುನಾಥರಾಯರು. ಕೆಲಸವೆಲ್ಲ ಅವರದು, ರುಜುವೆಲ್ಲ ಸಾಹೇಬರದು. ಹಳೆಯ ಕಾಗದಗಳ ಕೋಣೆಯನ್ನು ನೋಡಿಕೊಳ್ಳುವವನು ಅಣ್ಣಾಜಿ. ಬಾಗಿಲಲ್ಲಿ ಪಟ್ಟೇವಾಲ ಹುಸೇನಸಾಬ. ಮೂಲೆಯ ಮೇಜಿನ ಮುಂದೆ ನಾನು ಮತ್ತು ನನ್ನಂಥ ಇನ್ನಿಬ್ಬರು.

ನಾನು ಸೇರಿದ ವರ್ಷವೇ ಅಣ್ಣಾಜಿಯ ಕೋಣೆಯ ಮೇಲೆ ನಾಲ್ಕಾರು ಹಂಚು ಒಡೆದು ಮಳೆ ಒಳಗೆ ಬೀಳತೊಡಗಿತು. ಕುಂಬಾರ ಕಚೇರಿಯ ಹಿಂದಿನ ಓಣಿಯಲ್ಲೇ ಇದ್ದ. ಹುಸೇನಸಾಬ ಏಣಿ ಹಚ್ಚಿ ಹತ್ತಲು ತಯಾರಾಗಿದ್ದ. ಸಾಹೇಬರು ತಡೆದರು. ಸರಕಾರದ ಮಾಡನ್ನು ಸರಕಾರದ ಕಟ್ಟಡ ಖಾತೆಯವರ ಹೊರತು ಯಾರೂ ಮುಟ್ಟಬಾರದಂತೆ. ಕಾಗದ ಹೋಯಿತು. ಮಳೆಗಾಲವೆಲ್ಲ ಅಣ್ಣಾಜಿ ತನ್ನ ಮನೆಯ ಕಂಬಳಿಯನ್ನು ಕಾಗದದ ಗಂಟುಗಳಿಗೆ ಹೊದಿಸಿ, ತಾನು ತೊಯ್ಯುತ್ತ ಮನೆಗೆ ಹೋಗುತ್ತಿದ್ದ. ಬೇಸಿಗೆಯಲ್ಲಿ ಕಟ್ಟಡ ಖಾತೆಯವನೊಬ್ಬ ಬಂದ. ಕೋಣೆಯೊಳಗೆ ನಿಂತು ತೂತಿನಿಂದ ಕಾಣುತ್ತಿದ್ದ ನೀಲಿ ಆಕಾಶವನ್ನು ನೋಡಿ, "ಸೋರುವುದು ಕಂಡುಬರಲಿಲ್ಲ" ಎಂದು ಬರೆದುಕೊಂಡು ಹೋದ. ಸಾಹೇಬರಿಗೆ ಸಮಾಧಾನವಾಯಿತು. ಕಾಗದಕ್ಕೆ ಉತ್ತರ ಬಂದಿತ್ತಲ್ಲ!

ಇಂಥ ಸರಕಾರದ ಮೇಲೆ ಪ್ಲೇಗು ಬಂದು ಬಿತ್ತು.

ಜನ ಅದನ್ನು ಗಂಟಿನ ಬ್ಯಾನಿ ಎನ್ನುತ್ತಿದ್ದರು. ಮೊದಲು ಇಲಿ ಬೀಳುತ್ತಿದ್ದವು, ಬೆನ್ನ ಹಿಂದೆಯೇ ಮನುಷ್ಯರು. ಮೇಲಿನಿಂದ ಹುಕುಂ ಬಂತು: ಇಲಿ ಬಿದ್ದ ಕೂಡಲೇ ಊರೆಲ್ಲ ಖಾಲಿಯಾಗಬೇಕು, ಜನ ಹೊಲಗಳಲ್ಲಿ ಗುಡಿಸಲು ಹಾಕಬೇಕು, ಗುಡಿಸಲಿಗೆ ಜೋಳದ ಒಣದಂಟು, ಅಂದರೆ ಕಣಿಕೆ, ಹೊದಿಸಬೇಕು. ಬರೆದ ಮಹಾಶಯ ಸುಗ್ಗಿ ಮುಗಿದ ಮೇಲೆ ರೈಲಿನ ಕಿಟಕಿಯಿಂದ ನಮ್ಮ ಸೀಮೆಯನ್ನು ಒಮ್ಮೆ ನೋಡಿದ್ದಿರಬೇಕು. ಪ್ಲೇಗು ಬಂದದ್ದು ಮಳೆಗಾಲದಲ್ಲಿ.

ಮನೋಳಿಯ ಕಡೆಗಿನ ಒಂದು ಹಳ್ಳಿಯಲ್ಲಿ ಇಲಿ ಬಿದ್ದ ಸುದ್ದಿ ಬಂದಾಗ ಸಾಹೇಬರು ಬಿಳಿ ಕುದುರೆಯ ಮೇಲೆ ಹೋದರು. ರಾಯರೂ ನಾನೂ ಗಾಡಿಯಲ್ಲಿ ಹಿಂದೆ ಹೋದೆವು. ಊರ ಗೌಡ ತೀರಿಕೊಂಡಿದ್ದ. ಅವನ ತಾಯಿ ನೀಲವ್ವ ಗೌಡಸಾನಿಯೇ ಊರಿಗೆ ಹಿರಿಯಳು. ಸಾಹೇಬರು ಕುದುರೆಯಿಂದ ಇಳಿಯದೆ ಹುಕುಂ ಓದಿದರು. ಆಕೆ ಸೆರಗು ಸರಿ ಮಾಡಿಕೊಂಡು ಕೇಳಿದಳು:

"ಕಣಕಿ ಎಲ್ಲಿಂದ ತರೂದ್ರಿ? ಜ್ವಾಳ ಇನ್ನ ಮೊಳಕಾಲುದ್ದ ಹೊಲದಾಗ ನಿಂತೈತಿ."

"ಹುಕುಮಿನಾಗ ಹಂಗ ಬರದದ," ಎಂದರು ಸಾಹೇಬರು.

"ಹಂಗಾರ ಬರದವರನ್ನ ಕಳಸ್ರಿ. ಅವರ ಬಂದು ಹೊದಸ್ಲಿ."

ಸಾಹೇಬರು ಮುಖ ಕೆಂಪಗೆ ಮಾಡಿಕೊಂಡು, ಸಂಜೆಯೊಳಗೆ ಊರು ಖಾಲಿಯಾಗಬೇಕೆಂದು ಹೇಳಿ ಹೊರಟುಹೋದರು. ಪೋಲೀಸರು ಜನರನ್ನು ಹೊರಗಟ್ಟಿದರು. ಮಳೆ ಹಿಡಿಯಿತು. ಮಕ್ಕಳು ಮುದುಕರು ಚಳಿಜ್ವರದಿಂದ ಮಲಗಿದರು. ಜನ ಹಿತ್ತಿಲ ಗೋಡೆ ಹಾರಿ ಮತ್ತೆ ಮನೆ ಸೇರಿದರು. ಬೇನೆ ಬಿದ್ದವರನ್ನು ಅಡಗಿಸಿಟ್ಟರು, ಸತ್ತವರನ್ನು ಹಿತ್ತಿಲಲ್ಲೇ ಹೂಳಿದರು. ನಮ್ಮ ಕಚೇರಿಯಿಂದ ಮಾತ್ರ "ಊರು ಖಾಲಿ ಮಾಡಿಸಲಾಯಿತು" ಎಂಬ ವರದಿ ಹೋಯಿತು. ಅದು ಸುಳ್ಳೂ ಅಲ್ಲ. ಒಂದು ಸಂಜೆಯ ಮಟ್ಟಿಗೆ ಖಾಲಿಯಾಗಿತ್ತು.

ಆಮೇಲೆ ರಾಯರು ಸಾಹೇಬರಿಗೆ ಹೇಳದೆ ಮತ್ತೆ ಆ ಹಳ್ಳಿಗೆ ಹೋದರು. ನೀಲವ್ವನ ಕಟ್ಟೆಯ ಮೇಲೆ ಕುಳಿತು, "ನೀವ ಹೇಳ್ರಿ ಗೌಡಸಾನೇರ. ಮಳಿಯೊಳಗ ಜನ ಎಲ್ಲಿ ಇರ್ಲಿಕ್ಕೆ ಸಾಧ್ಯ ಅದ?" ಎಂದರು.

ಸರಕಾರದ ಬಾಯಿಂದ ಪ್ರಶ್ನೆ ಬಂದದ್ದನ್ನು ಆಕೆ ಜನ್ಮದಲ್ಲಿ ಮೊದಲ ಸಲ ಕೇಳಿದ್ದಳೆಂದು ಕಾಣುತ್ತದೆ. ಎದ್ದು ಕೈ ಚಾಚಿ ಒಂದೊಂದೇ ಜಾಗ ತೋರಿಸತೊಡಗಿದಳು. ದಿಬ್ಬದ ಮೇಲಿನ ಗುಡಿಯ ಪೌಳಿ, ಕುರುಬರ ಹಟ್ಟಿ, ಹಳ್ಳದ ದಂಡೆಯ ಈಚಲು ಗರಿ ಎಲ್ಲದರ ಮಾತೂ ಬಂತು. ಎಲ್ಲರೂ ಒಮ್ಮೆಲೇ ಬೇಡ, ಇಲಿ ಬಿದ್ದ ಓಣಿಯವರು ಮೊದಲು ಹೊರಗೆ ಬರಲಿ, ಉಳಿದವರು ಗುಡಿಸಲು ಆದಂತೆ ಬರಲಿ ಎಂದು ರಾಯರು ಒಪ್ಪಿದರು. ಹುಕುಮಿನಲ್ಲಿ ಇದೊಂದೂ ಇರಲಿಲ್ಲ. ಜನ ತಾವಾಗಿ ಹೊರಗೆ ಬಂದರು. ಈ ಸಲ ಯಾರೂ ಗೋಡೆ ಹಾರಿ ಒಳಗೆ ಹೋಗಲಿಲ್ಲ. ಅದನ್ನೂ "ಹುಕುಮಿನ ಪ್ರಕಾರ ನಡೆಯಿತು" ಎಂದೇ ಬರೆದು ಕಳಿಸಿದೆವು. ಹುಕುಂ ಮುರಿದದ್ದರಿಂದಲೇ ಕೆಲಸವಾಯಿತೆಂದು ಬರೆಯುವ ಭಾಷೆ ಸರಕಾರದಲ್ಲಿ ಇನ್ನೂ ಹುಟ್ಟಿಲ್ಲ.

ಗಡಿಯ ಕಥೆ ಇದಕ್ಕಿಂತ ಚೆಂದ. ನಮಗೂ ಸಂಸ್ಥಾನಕ್ಕೂ ನಡುವೆ ಒಂದು ಹಳ್ಳ. ಪ್ಲೇಗು ಅದನ್ನು ಯಾರ ಅಪ್ಪಣೆಯೂ ಇಲ್ಲದೆ ದಾಟುತ್ತಿತ್ತು. ಕಾಳಿನ ಗಾಡಿ, ಬಾಣಂತಿತನಕ್ಕೆ ತವರಿಗೆ ಹೋಗುವ ಹೆಣ್ಣುಮಕ್ಕಳು, ರಾಮದುರ್ಗದ ಸಂತೆಗೆ ಹೊರಟವರು, ಎಲ್ಲರನ್ನೂ ಮಾತ್ರ ಎರಡೂ ಕಡೆಯ ಪಹರೆಯವರು ತಡೆಯುತ್ತಿದ್ದರು. ನಮ್ಮ ಸಾಹೇಬರು ಆಚೆಯ ಅಧಿಕಾರಿಗೆ ಕಾಗದ ಬರೆದರು. ಮರ್ಯಾದೆಯ ಒಕ್ಕಣೆ ಒಂದು ಮೆಟ್ಟಿಲು ಕಡಿಮೆಯಾಗಿದೆ ಎಂದು ಅದು ತಿರುಗಿ ಬಂತು. ಅವರು ಬರೆದರು. ಸಂಸ್ಥಾನದವರು ನಮಗೆ ನೇರವಾಗಿ ಬರೆಯುವಂತಿಲ್ಲ, ಬೆಳಗಾವಿಯ ಮೂಲಕ ಬರಬೇಕು ಎಂದು ನಾವು ತಿರುಗಿಸಿದೆವು. ಹಳ್ಳದ ಈಚೆ ನಿಂತು ಕೂಗಿದರೆ ಆಚೆಗೆ ಕೇಳುತ್ತಿತ್ತು. ಆದರೆ ಕೂಗುವುದಕ್ಕೆ ಒಕ್ಕಣೆ ಇಲ್ಲವಲ್ಲ.

ಈ ನಡುವೆ ಒಬ್ಬ ಬಸುರಿ ಗಾಡಿಯಲ್ಲಿ ತವರಿಗೆ ಹೊರಟವಳು ಹಳ್ಳಕ್ಕೆ ಬಂದಾಗ ನಮ್ಮ ಪಹರೆಯವ ಮುಂದೆ ಬಿಟ್ಟ, ಆಚೆಯವ ತಡೆದ, ತಿರುಗಿ ಬರೋಣವೆಂದರೆ ನಮ್ಮವನೇ ಈಗ ತಡೆದ. ಗಾಡಿ ಹಳ್ಳದ ನಡುವೆ ಮರಳಿನಲ್ಲಿ ನಿಂತಿತು. ಅವಳಿಗೆ ಅಲ್ಲೇ ನೋವು ಎದ್ದಿತು. ಬಟ್ಟೆ ಒಗೆಯಲು ಬಂದಿದ್ದ ಹೆಂಗಸರು ಸೀರೆ ಮರೆ ಮಾಡಿ ಹೆರಿಗೆ ಮಾಡಿಸಿದರು. ಗಂಡುಕೂಸು. ತಾಯಿ, ಕೂಸು ಇಬ್ಬರೂ ಉಳಿದರು. ಮರುದಿನ ಎರಡೂ ಕಡೆಯ ಅಧಿಕಾರಿಗಳಿಗೆ ಒಂದೇ ಸಂಶಯ: ಹಳ್ಳದ ನಡುವೆ ಹುಟ್ಟಿದ್ದನ್ನು ಯಾರ ಜನನ ಲೆಕ್ಕಕ್ಕೆ ಹಿಡಿಯಬೇಕು? ನಮ್ಮ ಸಾಹೇಬರು ಕಚೇರಿಯಲ್ಲಿ ಇದನ್ನು ಬಹಳ ಗಂಭೀರವಾಗಿ ಚರ್ಚಿಸಿದರು. ಬಾಗಿಲಲ್ಲಿದ್ದ ಹುಸೇನಸಾಬನಿಗೆ ತಡೆಯಲಾಗಲಿಲ್ಲ.

"ಸಾಹೇಬರ, ಅದು ಸದ್ಯೇಕ ಅವರವ್ವನ ಪ್ರಜಾ ಐತ್ರಿ. ಮದಲ ಗಾಡಿ ಬಿಡ್ರಿ."

ಸಾಹೇಬರು ಅವನಿಗೆ ದಂಡ ಹಾಕಿದರು. ಗಾಡಿಯನ್ನು ಅಷ್ಟರಲ್ಲಿ ರಾಯರು ಬಿಡಿಸಿಯಾಗಿತ್ತು.

ಮುಂದಿನ ವರ್ಷ ಪ್ಲೇಗು ಕಚೇರಿಯ ಊರಿಗೇ ಬಂತು. ನಾವು ಡಂಗುರ ಹೊಡೆಸಿದೆವು, ಓಣಿ ಓಣಿ ತಿರುಗಿ ಜನರನ್ನು ಹೊರಗೆ ಕಳಿಸಿದೆವು. ನಮ್ಮ ಹೆಂಡಿರು ಮಕ್ಕಳೂ ಗುಡಿಸಲು ಸೇರಿದರು. ಊರಲ್ಲಿ ನಾಯಿ ಕೂಡ ಉಳಿಯಲಿಲ್ಲ. ಉಳಿದದ್ದು ಕಚೇರಿ. ದಿನಾ ಮುಂಜಾನೆ ನಾವು ಗುಡಿಸಲಿನಿಂದ ಎದ್ದು, ಬೇನೆ ಬಿದ್ದ ಊರನ್ನು ದಾಟಿ, ಆ ಹಾಳು ಊರಿನ ನಡುವಿನ ಕಚೇರಿಯಲ್ಲಿ ಕೂಡಬೇಕಾಗಿತ್ತು. ಅರ್ಜಿ ತರಲು ಒಬ್ಬ ಮನುಷ್ಯನೂ ಬರುತ್ತಿರಲಿಲ್ಲ. ಅರ್ಜಿದಾರರನ್ನೆಲ್ಲ ನಾವೇ ಓಡಿಸಿದ್ದೆವಲ್ಲ.

ಅಣ್ಣಾಜಿ ಒಂದು ದಿನ ಕೋಣೆಯಿಂದ ಹೊರಗೆ ಬಂದು ರಾಯರ ಮುಂದೆ ನಿಂತ.

"ರಾಯರ, ಕಾಗದದ ಗಂಟಿನ ಹಿಂದ ಇಲಿ ಸತ್ತಾವ್ರಿ."

ರಾಯರು ಅವನನ್ನು ಕರೆದುಕೊಂಡು ಸಾಹೇಬರ ಕೋಣೆಗೆ ಹೋದರು. ಸಾಹೇಬರು ಮೂಗಿಗೆ ಕರ್ಪೂರದ ವಸ್ತ್ರ ಹಿಡಿದುಕೊಂಡೇ ಹೇಳಿದರು:

"ಹುಕುಂ ಊರಿಗೆ ಅದ, ಗುರುನಾಥರಾವ್. ಕಚೇರಿಗೆ ಇಲ್ಲ. ಸರಕಾರದ ದಫ್ತರ ಪರವಾನಗಿ ಇಲ್ಲದ ಹೊರಗ ಒಯ್ಯೋ ಹಂಗಿಲ್ಲ. ಮ್ಯಾಲೆ ಬರೀತೀನಿ."

ಬರೆದರು. ಉತ್ತರ ಬಂತು; ಅದನ್ನು ನಾನೇ ಓದಿ ಹೇಳಬೇಕಾಯಿತು. ಊರು ಬಿಡುವ ನಿಯಮ ಜನ ವಾಸಿಸುವ ಮನೆಗಳಿಗೆ ಸಂಬಂಧಪಟ್ಟದ್ದು; ಕಚೇರಿಯಲ್ಲಿ ಯಾರೂ ವಾಸಿಸುವುದಿಲ್ಲ; ಆದ್ದರಿಂದ ಅದಕ್ಕೆ ನಿಯಮ ಅನ್ವಯಿಸುವುದಿಲ್ಲ. ನನ್ನ ಇಡೀ ಸೇವೆಯಲ್ಲಿ ಇದಕ್ಕಿಂತ ನಿರ್ದೋಷವಾದ ಮೂರ್ಖತನವನ್ನು ನಾನು ನೋಡಿಲ್ಲ. ಮರುದಿನವೇ ಸಾಹೇಬರಿಗೆ ದೂರದ ಹಳ್ಳಿಗಳ ಬೆಳೆ ನೋಡುವ ತುರ್ತು ಹುಟ್ಟಿತು. ತಂಬು, ಅಡಿಗೆಯವ, ಬಿಳಿ ಕುದುರೆ ಸಮೇತ ಫಿರತಿಗೆ ಹೊರಟರು. ಪ್ಲೇಗಿಲ್ಲದ ಹಳ್ಳಿಗಳಲ್ಲಿಯೇ ಆ ವರ್ಷದ ಬೆಳೆಗೆ ಅಷ್ಟು ಆರೈಕೆ ಬೇಕಾಗಿತ್ತೆಂದು ಕಾಣುತ್ತದೆ.

ಅಣ್ಣಾಜಿಗೆ ಜ್ವರ ಬಂತು. ಕಂಕುಳಲ್ಲಿ ಗಂಟು ಎದ್ದಿತು. ನಾವು ಗುಡಿಸಲಿಗೆ ನೋಡಲು ಹೋದಾಗ ಅವನಿಗೆ ಮೈಮೇಲೆ ಎಚ್ಚರವಿರಲಿಲ್ಲ. ಕೋಣೆಯ ಬೀಗ ಹಾಕಿದೆಯೋ ಇಲ್ಲವೋ ಎಂದು ಕನವರಿಸುತ್ತಿದ್ದ. ಹೆಚ್ಚು ದಿನ ಉಳಿಯಲಿಲ್ಲ. ಸುಡುಗಾಡಿಗೆ ಒಯ್ಯುವ ಮೊದಲು ಅವನ ಹೆಂಡತಿ ಗುಡಿಸಲಿನ ಬಾಗಿಲಿಗೆ ಬಂದಳು. ಅಳುತ್ತಿರಲಿಲ್ಲ. ರಾಯರನ್ನೇ ನೋಡಿ ಹೇಳಿದಳು:

"ಇಲಿ ಬಿದ್ದ ಮನಿ ಬಿಡ್ರಿ ಅಂತ ಊರಿಗೆಲ್ಲಾ ಡಂಗುರ ಹೊಡಿಸಿದ್ರಿ. ನಮ್ಮವರಿಗಷ್ಟ ಯಾಕ ಹೇಳಲಿಲ್ಲ?"

ಅಷ್ಟು ವರ್ಷ ಎಂಥೆಂಥ ಮೇಲಿನವರ ಪ್ರಶ್ನೆಗೆ ಉತ್ತರ ಬರೆದಿದ್ದ ರಾಯರು ರುಮಾಲು ತೆಗೆದು ಸೊಂಟಕ್ಕೆ ಸುತ್ತಿಕೊಂಡು ಚಟ್ಟಕ್ಕೆ ಹೆಗಲು ಕೊಟ್ಟರು. ಎಲ್ಲ ಮುಗಿಸಿ ಹಳ್ಳದಲ್ಲಿ ಸ್ನಾನ ಮಾಡಿ ಬರುವಾಗ ನನ್ನ ಕಡೆಗೆ ತಿರುಗಿ, "ಮಲ್ಲಪ್ಪಾ, ನಾಳೆ ಮುಂಜಾನೆ ಗಾಡಿ ತರಸು. ಕಚೇರಿ ಹೊರಗ ಒಯ್ಯೂಣು," ಎಂದರು.

"ಪರವಾನಗಿ ಬೇಕಲ್ರಿ ರಾಯರ?"

"ಅಣ್ಣಾಜಿ ಕೊಟ್ಟು ಹೋದ."

ಊರ ಹೊರಗೆ ಎತ್ತರದ ಜಾಗದಲ್ಲಿ ಒಂದು ಹುಣಸೆಯ ತೋಪು ಇತ್ತು. ಅಲ್ಲಿ ಕಚೇರಿ ಎದ್ದಿತು. ಬೇಕಾದ ಕಾಗದಗಳನ್ನಷ್ಟೇ ಬಿಸಿಲಿಗೆ ಹರವಿ ಝಾಡಿಸಿ ತಂದೆವು. ಉಳಿದವು ಬೀಗದೊಳಗೆ ಉಳಿದವು, ಅವುಗಳಿಗಾಗಿ ಯಾರೂ ಬಂದು ಅಳಲಿಲ್ಲ. ಖಜಾನೆಯ ಪೆಟ್ಟಿಗೆ, ಪಹರೆಯವರು ಸಮೇತ, ಗಾಡಿ ಹತ್ತಿತು. ಸರಕಾರದ ತಲೆಯ ಮೇಲೆ ಆಕಾಶವೇನೂ ಕಳಚಿ ಬೀಳಲಿಲ್ಲ.

ಆಮೇಲೆ ನಡೆದದ್ದನ್ನು ತರುಣರು ಗಮನವಿಟ್ಟು ಓದಬೇಕು. ಕಚೇರಿಗೆ ಬಾಗಿಲು ಇಲ್ಲದೇ ಹೋದದ್ದರಿಂದ ಜನ ಬರತೊಡಗಿದರು. ಹೊಸ್ತಿಲ ಹೊರಗೆ ನಿಂತೇ ಆಯುಷ್ಯ ಕಳೆದವರು, ಒಳಗೆ ಕರೆಯದ ಕೇರಿಯವರು ಕೂಡ, ಮರದ ಕೆಳಗೆ ಬಂದು ಕುಳಿತು ಮಾತನಾಡಿದರು. ರಾಯರು ನಮ್ಮಲ್ಲಿ ಒಬ್ಬೊಬ್ಬರನ್ನು ಒಂದೊಂದು ದಿಕ್ಕಿನ ಹಳ್ಳಿಗಳಿಗೆ ಕಳಿಸಿದರು. "ಅಲ್ಲೇ ಕೂಡ್ರಿ, ಅಲ್ಲೇ ಕೇಳ್ರಿ, ಆಗೋದನ್ನ ಅಲ್ಲೇ ಮಾಡ್ರಿ. ನನಗ ಆಮ್ಯಾಲೆ ಹೇಳ್ರಿ," ಎಂದರು. ಈ "ಆಮ್ಯಾಲೆ" ಎಂಬ ಶಬ್ದ ನಮ್ಮ ಕಚೇರಿಯಲ್ಲಿ ಅಲ್ಲಿಯ ತನಕ ಯಾರೂ ಆಡಿರಲಿಲ್ಲ. ನಾನು ಹೋದ ಕಡೆ ಒಬ್ಬ ಗೌಡ ಗುಡಿಸಲಿನವರಿಗೆ ಊರ ಹಗೇವು ತೆರೆದು ಕಾಳು ಕೊಡಲೇ ಎಂದು ಕೇಳಿದ. ಮೊದಲಾಗಿದ್ದರೆ ಕಾಗದ ಬೆಳಗಾವಿಗೆ ಹೋಗಿ ಬರುವಷ್ಟರಲ್ಲಿ ಕಾಳಿಗೆ ಹುಳ ಬೀಳುತ್ತಿತ್ತು. "ತೆಗೀರಿ ಗೌಡ್ರ," ಎಂದೆ. ಬಾಯಲ್ಲಿ ಆ ಮಾತು ಎಷ್ಟು ಹೊಸದಾಗಿತ್ತೆಂದರೆ ಗೌಡನೂ ನಾನೂ ಒಬ್ಬರ ಮುಖ ಒಬ್ಬರು ನೋಡಿದೆವು.

ಗಡಿಯ ವಿಷಯಕ್ಕೆ ರಾಯರು ಕಾಗದ ಬರೆಯಲಿಲ್ಲ. ಹುಸೇನಸಾಬನನ್ನು ಆಚೆ ಕಳಿಸಿ, ಸಂಸ್ಥಾನದ ಅಧಿಕಾರಿಯನ್ನು ಹಳ್ಳದ ದಂಡೆಗೆ ಎಲೆ ಅಡಿಕೆಗೆ ಕರೆಸಿದರು. ಆ ಮನುಷ್ಯ ಹೆದರುತ್ತಲೇ ಬಂದ.

"ಇದು ನಮ್ಮ ದರಬಾರಿಗೆ ತಿಳಿದ್ರ ನನ್ನ ನೌಕರಿ ಹೋಗ್ತದ್ರಿ, ರಾಯರ."

"ನಂದೂ ಹೋಗ್ತದ. ನಿಮ್ಮ ಕಾಗದ ನನಗ ಮುಟ್ಟಿಲ್ಲ, ನನ್ನ ಕಾಗದ ನಿಮಗ ಮುಟ್ಟಿಲ್ಲ. ಹಳ್ಳ ಮಾತ್ರ ಇಬ್ಬರಿಗೂ ಕಾಣಸ್ತದ. ಕಾಳಿನ ಗಾಡಿ ತಡೀಬ್ಯಾಡ್ರಿ, ನಾನೂ ತಡ್ಯೂದಿಲ್ಲ. ಜ್ವರ ಇದ್ದವರನ್ನ ಎರಡೂ ದಂಡಿ ಮ್ಯಾಲೆ ಬ್ಯಾರೆ ಇಡೂಣು. ಆತೇನು?"

ಆತ ಎಲೆಗೆ ಸುಣ್ಣ ಹಚ್ಚಿ, ಮಡಚಿ ಬಾಯಿಗಿಟ್ಟುಕೊಂಡು, "ಆತ್ರಿ," ಎಂದ. ಎರಡು ಸರಕಾರಗಳು ವರ್ಷವಿಡೀ ಮಾಡಲಾಗದ ಒಪ್ಪಂದ ಒಂದು ತಾಂಬೂಲದಲ್ಲಿ ಮುಗಿಯಿತು. ಉಗರಗೋಳದ ಕಡೆಗೆ ದೇವಿಯ ಹರಕೆಗೆಂದು ಹೋಗುವವರನ್ನೂ ಅದೇ ರೀತಿ ದಂಡೆಯ ಮೇಲೆ ತಡೆದು, ಜ್ವರ ಇದೆಯೇ ನೋಡಿ, ಮುಂದೆ ಬಿಟ್ಟರು. ಬೇನೆ ನಿಂತಿತೆಂದು ನಾನು ಹೇಳುವುದಿಲ್ಲ. ಜನ ಸತ್ತರು. ಆದರೆ ಅಲ್ಲಿಂದ ಮುಂದೆ ಹಸಿವಿನಿಂದ, ಪಹರೆಯವನ ಕೋಲಿನಿಂದ, ನಮ್ಮ ಹುಕುಮಿನಿಂದ ಯಾರೂ ಸಾಯಲಿಲ್ಲ.

ಬೇನೆ ಇಳಿದ ಮೇಲೆ ಸಾಹೇಬರಿಗೆ ಬೆಳೆಯ ಮೇಲಿನ ಪ್ರೀತಿಯೂ ಇಳಿಯಿತು. ತಿರುಗಿ ಬಂದವರು ತೋಪಿನಲ್ಲಿ ತಮ್ಮ ಕಚೇರಿಯನ್ನು ನೋಡಿ ಕುದುರೆಯ ಮೇಲೆಯೇ ನಡುಗಿದರು. "ಯಾರ ಪರವಾನಗಿ? ಯಾರ ಪರವಾನಗಿ?" ಎಂದು ಕೂಗಾಡಿದರು. ಅದೇ ವಾರ ಮಾಮಲೇದಾರರ ಮೇಲಿನ ಅಧಿಕಾರಿ ಪ್ರಾಂತ ಸಾಹೇಬ, ಬಿಳಿಯ ಮನುಷ್ಯ, ತಪಾಸಣೆಗೆ ಬಂದ. ತೋಪಿನಲ್ಲಿ ಸುತ್ತಾಡಿದ, ಮರದ ಕೆಳಗಿನ ಜನರನ್ನು ನೋಡಿದ, ಬಹಳ ಮೆಚ್ಚಿ, ಇದು ಯಾರ ಏರ್ಪಾಟು ಎಂದು ಕೇಳಿದ. ನಮ್ಮ ಸಾಹೇಬರ ನಡುಕ ಕಣ್ಣೆದುರಿಗೇ ನಿಂತಿತು. "ನಾನು ಫಿರತಿಯಲ್ಲಿದ್ದರೂ ಎಲ್ಲ ನನ್ನ ಸೂಚನೆಯಂತೆ," ಎಂದರು. ರಾಯರು ಅವರ ಹಿಂದೆ ಎರಡು ಹೆಜ್ಜೆ ದೂರ ನಿಂತಿದ್ದರು.

ಮೆಚ್ಚುಗೆ ಒಬ್ಬರಿಗೆ ಹೋದ ಮೇಲೆ ತಪ್ಪು ಇನ್ನೊಬ್ಬರಿಗೆ ಹೋಗಲೇಬೇಕು. ಕಚೇರಿಯ ತಕ್ಕಡಿ ಹಾಗೆಯೇ ತೂಗುತ್ತದೆ. ದಫ್ತರ ಹೊರಗೆ ಒಯ್ದದ್ದಕ್ಕೆ ಪರವಾನಗಿ ಏಕೆ ತೆಗೆದುಕೊಳ್ಳಲಿಲ್ಲ ಎಂದು ಮೇಲಿನವರು ರಾಯರಿಂದ ಬರಹದಲ್ಲಿ ಸಮಜಾಯಿಷಿ ಕೇಳಿದರು. ರಾಯರು ಬರೆದದ್ದು ಇಷ್ಟೇ: "ಇಲಿ ಬಿದ್ದವು. ಮನುಷ್ಯ ಸತ್ತ. ಉಳಿದವರು ಹೊರಗೆ ಬಂದೆವು." ಅವಿಧೇಯತೆ ಎಂದು ಅವರ ದರ್ಜೆ ಇಳಿಸಿ ಕಿತ್ತೂರಿನ ಕಡೆಗೆ ಒಂದು ಮೂಲೆಯ ಕೆಲಸಕ್ಕೆ ಹಾಕಿದರು. ಸಾಹೇಬರು ಜರಿ ರುಮಾಲಿನೊಂದಿಗೆ ಮೇಲಿನ ಹುದ್ದೆಗೆ ಹೋದರು. ಬೀಳ್ಕೊಡುವಾಗ ನಾವೆಲ್ಲ ಹಾರ ಹಾಕಿದೆವು. ಹುಸೇನಸಾಬ ಆ ದಿನ ಹೊಟ್ಟೆನೋವೆಂದು ರಜೆ ತೆಗೆದುಕೊಂಡ.

ಕೆಲವು ವರ್ಷಗಳ ಮೇಲೆ ಅಚ್ಚಾದ ಸುತ್ತೋಲೆಯೊಂದು ಬಂತು. ಬೇನೆಯ ಕಾಲದಲ್ಲಿ ಕಚೇರಿಗಳನ್ನು ಊರ ಹೊರಗೆ ಒಯ್ಯುವ ಬಗೆ, ಕಾರಕೂನರನ್ನು ಹಳ್ಳಿಗಳಿಗೆ ಹಂಚುವ ಬಗೆ, ಗಡಿಯಲ್ಲಿ ಗಾಡಿ ಬಿಡುವ ಬಗೆ, ಎಲ್ಲ ರಾಯರದೇ. ಕೆಳಗೆ ನಮ್ಮ ಹಳೆಯ ಸಾಹೇಬರ ಅನುಭವವನ್ನು ಹೊಗಳಿತ್ತು. ನಾನು ಅಷ್ಟರಲ್ಲಿ ಬೇರೊಂದು ತಾಲೂಕಿನಲ್ಲಿ ಅವ್ವಲ ಕಾರಕೂನನಾಗಿದ್ದೆ. ಸುತ್ತೋಲೆಯ ಪ್ರತಿ ತೆಗೆದುಕೊಂಡು ಕಿತ್ತೂರಿಗೆ ಹೋದೆ. ರಾಯರು ನಿವೃತ್ತರಾಗಿದ್ದರು, ಕೋಟೆಯ ಸಮೀಪದ ಸಣ್ಣ ಮನೆ, ಕಣ್ಣು ಮಂದ. ನಾನೇ ಓದಿದೆ. ಬಹಳ ಸಮಾಧಾನದಿಂದ ಕೇಳಿದರು.

"ಛಲೋ ಆತು. ಕಡೀಕ ಬುದ್ಧಿ ಬಂತು ಅನಸ್ತದ."

"ಇನ್ನೊಂದು ಕಲಮು ಐತ್ರಿ ರಾಯರ," ಎಂದೆ. "ಇದನ್ನೆಲ್ಲಾ ಮಾಡೂ ಮದಲ ಮಾಮಲೇದಾರರ ಲಿಖಿತ ಪರವಾನಗಿ ತಗೋಬೇಕಂತ."

"ಮಾಮಲೇದಾರ ಆವಾಗ ಎಲ್ಲಿರ್ತಾನಂತ?"

"ಅದನ್ನ ಬರದಿಲ್ರಿ."

ರಾಯರು ನಕ್ಕರು. ಕೆಮ್ಮು ಬರುವ ತನಕ ನಕ್ಕರು. ಆಮೇಲೆ ಕಣ್ಣು ಒರೆಸಿಕೊಂಡು ನನ್ನ ಮಂಡಿಯ ಮೇಲೆ ಕೈಯಿಟ್ಟು, "ನೀ ಏನು ಮಾಡ್ತೀ?" ಎಂದರು. ನಾನು ಸುತ್ತೋಲೆಯನ್ನು ಮಡಚಿ ಜೇಬಿಗೆ ಹಾಕಿಕೊಂಡೆ.

ಆ ಮಳೆಗಾಲದಲ್ಲಿಯೇ ನಮ್ಮ ಕಚೇರಿಯಲ್ಲಿ ಇಲಿ ಬಿದ್ದವು. ನನ್ನ ಮಾಮಲೇದಾರರೂ ಬೆಳೆ ನೋಡಲು ಹೋಗಿದ್ದರು. ಮಧ್ಯಾಹ್ನದೊಳಗೆ ಗಾಡಿ ಹೇರಿಸಿ ಕಚೇರಿಯನ್ನು ಹೊರಗೆ ತಂದೆ. ನನಗೂ ಅವಿಧೇಯತೆಯ ಷರಾ ಬಿತ್ತು. ನಮ್ಮಲ್ಲಿ ಯಾರೂ ಸಾಯಲಿಲ್ಲ. ಪಕ್ಕದ ತಾಲೂಕಿನ ಕಚೇರಿಯಲ್ಲೂ ಇಲಿ ಬಿದ್ದಿದ್ದವು; ಅಲ್ಲಿಯವರು ಸುತ್ತೋಲೆಯನ್ನು ಅಕ್ಷರ ತಪ್ಪದೆ ಪಾಲಿಸಿದರು. ಪರವಾನಗಿಗೆ ಬರೆದು, ಬಾಗಿಲು ಹಾಕಿಕೊಂಡು ಒಳಗೇ ಕಾಯ್ದರು. ಪರವಾನಗಿ ಬಂತು. ಟಪಾಲು ತೆಗೆದುಕೊಳ್ಳುವ ಕಾರಕೂನನನ್ನು ಹಿಂದಿನ ದಿನ ಸುಟ್ಟು ಬಂದಿದ್ದರು.